ಇಲ್ಲದವರ ಪಾಲು

ಕಂಪ್ಲಿ
ಭಾನುವಾರ, ೧೨-೧೦-೨೦೦೮

ಪೂಜ್ಯ ಅತ್ತೆಯವರ ಪಾದಗಳಿಗೆ ಸುನಿತಾಳ ಶರಣು.

ನೀವು ಸಂಡೂರಿಗೆ ಹೋಗಿ ತಿಂಗಳ ಮೇಲಾಯಿತು. ಮೊಣಕಾಲು ನೋವು ಹೇಗಿದೆ? ಬಿ.ಪಿ. ಗುಳಿಗೆಯನ್ನು ದಿನಾ ತೆಗೆದುಕೊಳ್ಳುತ್ತಿದ್ದೀರೋ, ಇಲ್ಲಾ ಇಲ್ಲಿಯ ಹಾಗೆಯೇ ಮರೆತು ಮರೆತು, ನೆನಪಾದಾಗ ಎರಡನ್ನು ಒಟ್ಟಿಗೆ ನುಂಗುತ್ತೀರೋ? ಶಾಂಭವಿಗೆ ಐದನೆಯ ತಿಂಗಳು ತುಂಬುತ್ತ ಬಂತಲ್ಲ, ವಾಂತಿ ನಿಂತಿರಬೇಕು. ಅವಳಿಗೆ ಪ್ರಯಾಣ ಬೇಡ ಎಂದು ಅಲ್ಲಿಯ ಡಾಕ್ಟರು ಹೇಳಿದ್ದು ಒಳ್ಳೆಯದೇ ಆಯಿತು. ಅದಿರಿನ ಲಾರಿ ಓಡಾಡಿ ಓಡಾಡಿ ಹೊಸಪೇಟೆ–ಸಂಡೂರು ರಸ್ತೆಯಲ್ಲಿ ಈಗ ಡಾಂಬರನ್ನು ಹುಡುಕಬೇಕು ಎಂದು ನಿಮ್ಮ ಮಗ ಹೇಳುತ್ತಿದ್ದರು. ಅಂಥ ರಸ್ತೆಯಲ್ಲಿ ಮಗಳನ್ನು ಇಲ್ಲಿಗೆ ಕರೆಸಿಕೊಳ್ಳುವ ಬದಲು ನೀವೇ ಅಲ್ಲಿಗೆ ಹೋದದ್ದು ಸರಿ. ಧೂಳಿಗೆ ಕಿಟಕಿಗಳಿಗೆಲ್ಲ ಒದ್ದೆ ಸೀರೆ ಕಟ್ಟಿದ್ದೀರಿ ಎಂದು ಕೇಳಿದೆ. ಕಟ್ಟಿದ್ದು ನೀವು ಒಯ್ದ ನನ್ನ ಹಸಿರು ಸೀರೆ ಆಗಿರದಿದ್ದರೆ ಸಾಕು. ಈ ಸಲ ದಸರೆಯಲ್ಲಿ ನೀವಿಲ್ಲದೆ ಮನೆ ಬಿಕೋ ಎಂದಿತು. ಬನ್ನಿ ಹಂಚಿಕೊಳ್ಳುವಾಗ ನಿಮ್ಮ ಪಾಲಿನದನ್ನು ತೆಗೆದಿಟ್ಟು ಈ ಲಕೋಟೆಯಲ್ಲೇ ಹಾಕಿದ್ದೇನೆ. ಎಲ್ಲಿ ಏನು ಹಂಚಿದರೂ ಮನೆಯಲ್ಲಿ ಇಲ್ಲದವರ ಪಾಲು ಇಸಿದುಕೊಳ್ಳದೆ ಎದ್ದು ಬರಬಾರದು ಎಂದು ನನಗೆ ಕಲಿಸಿದವರು ನೀವೇ ಅಲ್ಲವೇ?

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ರೂಢಿ. ನನಗೆ ಬರೆಯಲು ಕೈ ಬರುತ್ತಿಲ್ಲ. ಫೋನ್ ಇರುವಾಗ ಇವಳು ಕಾಗದ ಏಕೆ ಬರೆದಳು ಎಂದು ನಿಮಗೆ ಅನ್ನಿಸಿರಬೇಕು. ನಿಮ್ಮ ಫೋನು ಫೋನಲ್ಲ ಅತ್ತೆ, ಜಾತ್ರೆಯ ಮೈಕು. ಸ್ಪೀಕರ್ ಹಾಕಿ, ಬೀಗರ ಮನೆಯ ಪಡಸಾಲೆಯಲ್ಲಿ ಟೀಪಾಯಿ ಮೇಲಿಟ್ಟು, "ಏನ್ ಅಡಗಿ ಮಾಡೀಯವ್ವಾ" ಎಂದು ಕೂಗುತ್ತೀರಿ. ಪಕ್ಕದಲ್ಲಿ ಬೀಗರು ಕೆಮ್ಮುವುದೂ ನನಗೆ ಇಲ್ಲಿ ಕೇಳಿಸುತ್ತದೆ. ನಾನು ಹೇಳಬೇಕಾದದ್ದು ಹಾಗೆ ಹೇಳುವಂಥದ್ದಲ್ಲ. ಅದಕ್ಕೇ ನಮ್ಮ ಟಿಪ್ಪರ್ ಓಡಿಸುವ ಮಾರೆಪ್ಪನ ಕೈಯಲ್ಲಿ ಶೇಂಗಾ ಚಟ್ನಿಪುಡಿ ಡಬ್ಬಿಯ ಜೊತೆ ಈ ಲಕೋಟೆ ಕಳಿಸುತ್ತಿದ್ದೇನೆ. ಕನ್ನಡಕ ಹಾಕಿಕೊಳ್ಳಿ, ಬಾಗಿಲು ಹಾಕಿಕೊಳ್ಳಿ, ನೀವೊಬ್ಬರೇ ಓದಿ. ಗಟ್ಟಿಯಾಗಿ ಓದುವ ಚಾಳಿಯನ್ನು ಇವತ್ತೊಂದು ದಿನ ಬಿಡಿ. ಶಾಂಭವಿಗೆ ತೋರಿಸಬೇಡಿ, ಬಸುರಿ ಹೆದರುತ್ತಾಳೆ. ನಾನೇ ಇನ್ನೂ ಬೆದರಿದ ಹಾಗೇ ಇದ್ದೇನೆ, ಅಕ್ಷರ ನೋಡಿದರೆ ನಿಮಗೇ ತಿಳಿಯುತ್ತದೆ.

ಪಂಚಮಿಯ ವಾರ ನಮ್ಮ ಓಣಿಯ ಶಾಲೆಯಲ್ಲಿ ಬೆಂಗಳೂರಿನ ಡಾಕ್ಟರುಗಳ ತಂಡ ಬಂದು ಹೆಂಗಸರಿಗೆ ಶಿಬಿರ ಮಾಡಿತಲ್ಲ, ಗರ್ಭಕೋಶದ ಬಾಯಿಯನ್ನು ಸಣ್ಣ ಬ್ರಷ್ಷಿನಿಂದ ಸವರಿ, ಅದನ್ನು ಬಾಟಲಿಯ ನೀರಿನಲ್ಲಿ ಅದ್ದಿ ಒಯ್ದರಲ್ಲ, ಅದರ ಫಲಿತಾಂಶ ನೀವು ಸಂಡೂರಿಗೆ ಹೋದ ವಾರದಲ್ಲೇ ಬಂತು. ಸಿಸ್ಟರ್ ತಾಯಕ್ಕ ಮನೆಗೇ ಬಂದಳು. ನಾನು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ನಿಮ್ಮ ನಾದಿನಿ ಚೆನ್ನಬಸಮ್ಮನವರು ಎದುರಿಗೆ ಕುಳಿತು ಚಹಾ ಕುಡಿಯುತ್ತಿದ್ದರು. ತಾಯಕ್ಕ ನನ್ನ ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಹೇಳಿದಳು. ಅವಳ ಮೆಲ್ಲಗೆ ಎಂದರೆ ಎಷ್ಟು ಮೆಲ್ಲಗೆ ಎಂದು ನಿಮಗೆ ಗೊತ್ತೇ ಇದೆ. "ಸುನಿತಕ್ಕಾ, ನಿಮ್ಮ ಬಾಟ್ಲಿ ಸರಿ ಬಂದಿಲ್ಲರಿ. ವೈರಸ್ ಐತಂತ. ಎರಡನೇ ಪರೀಕ್ಷಿದಾಗೂ ಬಣ್ಣ ಹಿಡದೈತಂತ. ತಡಾ ಮಾಡಬ್ಯಾಡ್ರಿ, ಹೊಸಪೇಟಿಗಿ ಹೋಗ್ರಿ." ಚೆನ್ನಬಸಮ್ಮನವರ ಬಾಯಿಗೆ ಹೋಗುತ್ತಿದ್ದ ಚಹಾದ ಬಸಿ ಅಲ್ಲೇ ನಿಂತಿತು. ನಾನು ತಾಯಕ್ಕನ ಕೈಯಲ್ಲಿದ್ದ ಕಾಗದ ಇಸಿದುಕೊಂಡು ನೋಡಿದೆ. ಕಾಗದದ ಮೇಲೆ ಸುನಿತಾ ಸಿದ್ದಲಿಂಗೇಶ್, ವಯಸ್ಸು ಮೂವತ್ತೊಂದು ಎಂದು ಸ್ಪಷ್ಟವಾಗಿ ಬರೆದಿತ್ತು.

ನಾನು ಬಾಯಿ ತೆರೆದದ್ದೇ, "ನಾ ಕೊಟ್ಟ ಇಲ್ಲಲ್ಲ ತಾಯಕ್ಕ, ಪಂಚಮಿಗಿ ತವರಿಗಿ ಹೋಗಿದ್ದೆ" ಎಂದೆ. ನಾನು ಕಾರಟಗಿಯಲ್ಲಿ ಜೋಕಾಲಿ ಕಟ್ಟಿಸಿಕೊಂಡು, ಮಕ್ಕಳ ಜೊತೆ ಎಳ್ಳುಂಡಿ ತಿನ್ನುತ್ತಿದ್ದ ವಾರ ಅದು. ತಾಯಕ್ಕ ನನ್ನ ಕೈ ಹಿಡಿದು, "ಹೆದರಿಕಿಗಿ ಎಲ್ಲಾರೂ ಮೊದಲು ಹಂಗ ಅಂತಾರ್ರಿ" ಎಂದಳು. ಚೆನ್ನಬಸಮ್ಮನವರು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ತವರಿಗೆ ಹೋದದ್ದೇ ದೊಡ್ಡ ತಪ್ಪೆಂಬಂತೆ. ಆಮೇಲೆ ನಾನು ಯಾರಿಗೆ ಹೇಳಿದರೂ ಅದೇ ಉತ್ತರ. ಅತ್ತೆ, ಎಲ್ಲರೂ ಒಂದೇ ಮಾತು ಹೇಳತೊಡಗಿದರೆ ನಮ್ಮ ನೆನಪನ್ನೇ ನಾವು ನಂಬುವುದಿಲ್ಲ. ಎಂದೋ ಎಲ್ಲೋ ಕೊಟ್ಟು ಮರೆತಿರಬೇಕೇನೋ ಎಂದು ನನಗೂ ಅನ್ನಿಸತೊಡಗಿತು. ಸ್ನಾನದ ಮನೆಯಲ್ಲಿ ನಿಂತು ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿಕೊಂಡೆ. ಕಣ್ಣ ಮುಂದೆ ಬಂದದ್ದು ನಮ್ಮ ಅಕ್ಕಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ ಕೊಟ್ರಬಸಮ್ಮ. ಹೋದ ವರ್ಷ ಅವಳು ರಕ್ತ ಹೋಗಿ ಹೋಗಿ ಸುಣ್ಣದ ಹಾಗಾದದ್ದು, ಆಸ್ಪತ್ರೆಯವರು ತಡವಾಯಿತು ಎಂದು ವಾಪಸು ಕಳಿಸಿದ್ದು, ನೀವು ದಿನಾ ಗಂಜಿ ಒಯ್ದು ಅವಳ ತಲೆಯ ಹತ್ತಿರ ಕುಳಿತಿರುತ್ತಿದ್ದದ್ದು. "ಅಮ್ಮಾರ, ಮೊದಲ ಯಾರರ ನೋಡಿದ್ರ ಉಳಿತಿದ್ನೇನು" ಎಂದು ಅವಳು ಕೇಳಿದ್ದಕ್ಕೆ ನೀವು ಗಂಜಿಯ ಬಟ್ಟಲು ಎತ್ತಿಕೊಂಡು ಎದ್ದು ಬಂದಿರಿ. ಆ ಮಾತು ನನ್ನ ತಲೆಯಲ್ಲಿ ಗುಂಯ್ ಎನ್ನುತ್ತಿತ್ತು.

ನಿಮ್ಮ ಮಗ ಟಿಪ್ಪರಿಗೆ ಅದಿರು ತುಂಬಿಸಲು ಕುರೆಕುಪ್ಪದ ಕಡೆ ಹೋದವರು ಮರುದಿನ ಬಂದರು. ಅವರು ಚಪ್ಪಲಿ ಬಿಡುವ ಮುಂಚೆಯೇ ಚೆನ್ನಬಸಮ್ಮನವರು ಸುದ್ದಿ ಮುಟ್ಟಿಸಿದ್ದರು. ಈ ವೈರಸ್ ಗಂಡುಹೆಣ್ಣಿನ ಕೂಡಿಕೆಯಿಂದ ದಾಟುವಂಥದ್ದು ಎಂದು ಶಿಬಿರದಲ್ಲಿ ತಿಳಿಸಿದ್ದರಂತಲ್ಲ, ಓಣಿಗೆಲ್ಲ ಅದು ಬಾಯಿಪಾಠ. ಇವರು ಏನೂ ಕೇಳಲಿಲ್ಲ. ಟಿ.ವಿ. ಹಾಕಿಕೊಂಡು ಕುಳಿತರು. ಕೇಳಿದ್ದರೆ ನಾಲ್ಕು ಮಾತು ಬೈದು ಹಗುರಾಗುತ್ತಿದ್ದೆ. ಕೇಳದೆ ಕುಳಿತದ್ದಕ್ಕೆ ನನಗೇ ತಡೆಯಲಾಗದೆ, "ಲಾರಿ ಹಿಂದ ಬಂದರಿಗಿ ಹೋಗ್ತೀರಿ, ಲಾಡ್ಜಿನ್ಯಾಗ ಇಳಿತೀರಿ, ನಾ ಏನಂತ ತಿಳ್ಕೋಬೇಕು ಹೇಳ್ರಿ" ಎಂದುಬಿಟ್ಟೆ. ತಾಯಿಗೆ ಮಗನ ಬಗ್ಗೆ ಬರೆಯುವ ಮಾತಲ್ಲ ಇದು, ಆದರೆ ನಿಮಗೆ ಎಲ್ಲವೂ ಗೊತ್ತಾಗಲೇಬೇಕು. ಅವರು ಕೆನ್ನೆಗೆ ಹೊಡೆಸಿಕೊಂಡವರ ಹಾಗೆ ನೋಡಿದರು. "ಲೇ ಸುನೀ, ನಾ ಕೇಳಬೇಕಂತ ಕುಂತಿದ್ದನ್ನ ನೀ ಕೇಳಿದೆಲ್ಲಲೇ" ಎಂದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾವು ಒಬ್ಬರನ್ನೊಬ್ಬರು ಅಷ್ಟು ಅಪರಿಚಿತರಂತೆ ನೋಡಿದ್ದು ಅದೇ ಮೊದಲು. ಆಮೇಲೆ ಅವರು ಪಡಸಾಲೆಯಲ್ಲಿ, ನಾನು ಒಳಗೆ. ಮಕ್ಕಳು ಯಾರ ಹತ್ತಿರ ಮಲಗಬೇಕೆಂದು ತಿಳಿಯದೆ ನಡುವೆ ಓಡಾಡಿದವು.

ಕೊನೆಗೆ ಇಬ್ಬರೂ ಹೊಸಪೇಟೆಗೆ ಹೋದೆವು. ತಾಯಕ್ಕ ಹೇಳಿದ ಲೇಡಿ ಡಾಕ್ಟರು ಹೆಚ್ಚುಕಡಿಮೆ ನಿಮ್ಮ ವಯಸ್ಸಿನವರು, ನಿಧಾನದ ಮನುಷ್ಯರು. ಇವರನ್ನು ಹೊರಗೆ ಕೂರಿಸಿ ನನಗೆ ಎಲ್ಲ ಬಿಡಿಸಿ ಹೇಳಿದರು. ನಾನು ನಿಮಗೂ ಬಿಡಿಸಿ ಬರೆಯುತ್ತೇನೆ, ಈ ಭಾಗವನ್ನು ಎರಡು ಸಲ ಓದಿ. ಅವರು ನೋಡುವುದು ಎರಡು ಗುರುತು. ಮೊದಲನೆಯದು ವೈರಸ್ಸಿನದು. ಅದು ಸಂಸಾರ ಮಾಡಿದ ಬಹಳ ಹೆಂಗಸರಿಗೆ ಎಂದಾದರೊಮ್ಮೆ ಬರುತ್ತದಂತೆ, ನೆಗಡಿಯ ಹಾಗೆ ತಾನೇ ಹೋಗುತ್ತದಂತೆ. ಅದು ಇದೆ ಎಂದ ಮಾತ್ರಕ್ಕೆ ರೋಗವೆಂದಲ್ಲ. ಕೆಲವರಲ್ಲಿ ಮಾತ್ರ ಹೋಗದೆ ಕೂರುತ್ತದೆ, ಕೂತು ಮೈಯ ಕಣದ ಲಗಾಮನ್ನೇ ಕಿತ್ತುಕೊಳ್ಳುತ್ತದೆ. ಹಾಗಾದಾಗ ಆ ಕಣ ಒಂದು ಪ್ರೋಟೀನನ್ನು ಅಳತೆಯಿಲ್ಲದೆ ತಯಾರಿಸತೊಡಗುತ್ತದೆ. ಎರಡನೆಯ ಪರೀಕ್ಷೆಯಲ್ಲಿ ಆ ಪ್ರೋಟೀನಿಗೆ ಅಂಟುವ ಬಣ್ಣ ಹಾಕಿ ನೋಡುತ್ತಾರೆ. ಡಾಕ್ಟರು ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. ತಿಳಿನೀಲಿ ಕಣಗಳ ನಡುವೆ ಅಲ್ಲೊಂದು ಇಲ್ಲೊಂದು ಕಂದು. ನಾವು ಅಕ್ಕಿ ಆರಿಸುವಾಗ ಮೊರದಲ್ಲಿ ಬಣ್ಣಗೆಟ್ಟ ಕಾಳು ಎದ್ದು ಕಾಣುತ್ತದಲ್ಲ, ಥೇಟ್ ಹಾಗೆಯೇ. "ವೈರಸ್ ಬಂದೈತೇನು ಅನ್ನೋದು ಒಂದು ಪ್ರಶ್ನೆ. ಬಂದು ಕೆಲಸ ಸುರು ಮಾಡೈತೇನು ಅನ್ನೋದು ಇನ್ನೊಂದು. ಎರಡಕ್ಕೂ ಹೌದು ಅಂತ ಬಂದ್ರ ನಾವು ಕಣ್ಣಿಟ್ಟು ನೋಡಬೇಕವ್ವ" ಎಂದರು. ಇದು ಕ್ಯಾನ್ಸರ್ ಎಂದಲ್ಲ, ಅದು ಆಗುವುದಕ್ಕೆ ಎಷ್ಟೋ ವರ್ಷ ಮೊದಲೇ ಸಿಗಬಹುದಾದ ಸುಳಿವು ಎಂದು ಮೂರು ಸಲ ಹೇಳಿದರು. ನೋವಿಲ್ಲ, ರಕ್ತವಿಲ್ಲ, ಸುಸ್ತಿಲ್ಲ, ಆದರೂ ಒಳಗೆ ಏನೋ ಒಂದು ಶುರುವಾಗಿರಬಹುದು ಮತ್ತು ಅದು ಒಂದು ಬಾಟಲಿ ನೀರಿನಲ್ಲಿ ಕಾಣಬಹುದು ಎಂಬುದನ್ನು ಕೇಳಿ, ಆ ಚಿತ್ರವನ್ನು ಇನ್ನೊಮ್ಮೆ ತೋರಿಸಿ ಎಂದೆ.

ಆಮೇಲೆ ನನ್ನನ್ನು ಟೇಬಲ್ ಮೇಲೆ ಮಲಗಿಸಿ, ಹುಳಿನೀರಿನಂಥದ್ದು ಹಚ್ಚಿ, ದೊಡ್ಡ ಭೂತಗನ್ನಡಿಯಿಂದ ನೋಡಿದರು. ಬಹಳ ಹೊತ್ತು ನೋಡಿದರು. ಏನೂ ಕಾಣುತ್ತಿಲ್ಲವಲ್ಲ ಎಂದರು. ಹೊಸದಾಗಿ ಒಂದು ಬಾಟಲಿ ತುಂಬಿ ಬೆಂಗಳೂರಿಗೆ ಕಳಿಸಿದರು. ಅದು ಬರುವವರೆಗೆ ನಾನು ಉಂಡದ್ದು ಮೈಗೆ ಹತ್ತಲಿಲ್ಲ. ದಸರೆಗೆ ಮುಂಚೆ ಅವರೇ ಕರೆಸಿಕೊಂಡು ಹೇಳಿದರು: ವೈರಸ್ ಇಲ್ಲ, ಕಂದು ಬಣ್ಣವೂ ಇಲ್ಲ, ನಾನು ಸ್ವಚ್ಛ. ಮೊದಲಿನ ಬಾಟಲಿಯನ್ನು ನೀನೇ ಕೊಟ್ಟದ್ದು ನಿಜವೇ ಎಂದು ಕೇಳಿದರು. ನಾನು ಪಂಚಮಿಯ ಕಥೆ ಹೇಳಿದೆ. ಅಲ್ಲಿಯವರೆಗೆ ನನ್ನ ಮಾತನ್ನು ಪೂರ್ತಿ ಕೇಳಿದವರು ಅವರೊಬ್ಬರೇ. ಕೇಳಿ ಅವರ ಮುಖವೇ ಬದಲಾಯಿತು. "ಹಂಗಾದ್ರ ನಿನ್ನ ಹೆಸರಿನ್ಯಾಗ ಕೊಟ್ಟಾಕಿ ಯಾರು? ಆ ಹೆಣ್ಮಗಳಿಗಿ ಗೊತ್ತ ಇಲ್ಲ. ಆರಾಮ ಅದೀನಿ ಅಂತ ಓಡಾಡಿಕೋತ ಇರ್ತಾಳ. ಹುಡುಕವ್ವ, ಜಲ್ದಿ ಹುಡುಕು" ಎಂದರು. ನನಗೆ ಬಂದ ಸಂತೋಷ ಅರ್ಧಕ್ಕೇ ನಿಂತಿತು.

ನಿಮ್ಮ ಮಗನಿಗೆ ಮಾತ್ರ ಅರ್ಧಕ್ಕೆ ನಿಲ್ಲಲಿಲ್ಲ. ಹೊಸಪೇಟೆ ಬಸ್‌ಸ್ಟ್ಯಾಂಡಿನಲ್ಲೇ ಮಲ್ಲಿಗೆ ಕೊಡಿಸಿದರು. ನಾನು ಮುಡಿದೆ. ಅವರೂ ತಪ್ಪಾಯಿತು ಎನ್ನಲಿಲ್ಲ, ನಾನೂ ಎನ್ನಲಿಲ್ಲ. ಮನೆಗೆ ಬಂದು, "ಬೆಂಗಳೂರಿನವ್ರು ಬಾಟ್ಲಿ ಅದಲಬದಲ ಮಾಡ್ಯಾರ, ಆ ಕಾಗದ ಒಲಿಗಿ ಹಾಕು, ಮುಗೀತು" ಎಂದರು. ಚೆನ್ನಬಸಮ್ಮನವರು ಹೌದಪ್ಪ ಹೌದು ಎಂದು ತಲೆಯಾಡಿಸಿ, ಹೊರಗೆ ಹೋಗಿ, ಹೆಂಡತಿಯ ಮರ್ಯಾದೆ ಉಳಿಸಲಿಕ್ಕೆ ಪಾಪ ಹುಡುಗ ಸುಳ್ಳು ಹೇಳುತ್ತಿದ್ದಾನೆ ಎಂದು ನಾಲ್ಕು ಮನೆಗೆ ಹೇಳಿ ಬಂದರು. ಇರಲಿ. ನಾನು ಆ ಕಾಗದವನ್ನು ಒಲೆಗೆ ಹಾಕಲಿಲ್ಲ.

ಆಯುಧಪೂಜೆಯ ದಿನ ಮಿಲ್ಲಿನಲ್ಲಿ ಮಶೀನುಗಳಿಗೆ ವಿಭೂತಿ ಹಚ್ಚುತ್ತಿದ್ದೆ. ಅಲ್ಲಿ ಕೆಲಸ ಮಾಡುವ ಹುಲುಗಮ್ಮ ರಂಗೋಲಿ ಹಾಕುತ್ತಿದ್ದಳು. ಶಿಬಿರಕ್ಕೆ ನಿಮ್ಮ ಜೊತೆ ಹೋದ ಹೆಂಗಸರಲ್ಲಿ ಅವಳೂ ಒಬ್ಬಳು ಎಂದು ಗೊತ್ತಿತ್ತಲ್ಲ, ಆವತ್ತು ನನ್ನ ಹೆಸರು ಕೂಗಿದಾಗ ಎದ್ದು ಹೋದವರು ಯಾರೇ ಎಂದು ಕೇಳಿದೆ. ಅವಳು ರಂಗೋಲಿ ಬಿಟ್ಟು ನಗತೊಡಗಿದಳು. "ಅಯ್ಯ ಅಕ್ಕಾರ, ಅಮ್ಮಾರು ನಿಮಗ ಹೇಳ ಇಲ್ಲೇನು? ಅಮ್ಮಾರು ಯಾವತ್ತರ ನಿಮ್ಮ ಪಾಲು ಬಿಟ್ಟಾರೇನ್ರಿ!" ನಗುತ್ತ ನಗುತ್ತ ಎಲ್ಲ ಹೇಳಿದಳು. ಐವತ್ತು ದಾಟಿದವರಿಗೆ ಈ ಪರೀಕ್ಷೆ ಇಲ್ಲ ಎಂದು ಅವರು ಹೇಳಿದ್ದಕ್ಕೆ ನೀವು ಮುನಿದು, "ಇಷ್ಟೂ ಮಂದೀನ್ನ ಕರಕೊಂಡ್ ಬಂದಾಕಿ ನಾನು, ನಾನ ಬರಿಗೈಲಿ ಹೋಗ್ಲೇನು" ಎಂದಿರಂತೆ. ಆಮೇಲೆ, ತಾಯಕ್ಕ ಮೊದಲೇ ಮನೆಮನೆಗೆ ಬಂದು ಬರೆದುಕೊಂಡಿದ್ದ ಪಟ್ಟಿ ನೋಡಿ ಸುನಿತಾ ಸಿದ್ದಲಿಂಗೇಶ್ ಎಂದು ಕೂಗಿದಾಗ ಸೆರಗನ್ನು ಹಣೆಯವರೆಗೆ ಎಳೆದುಕೊಂಡು ಎದ್ದಿರಂತೆ. ತಾಯಕ್ಕ ಗೇಟಿನ ಹೊರಗಿದ್ದಳು, ಇಲ್ಲದಿದ್ದರೆ ಅಲ್ಲೇ ಹಿಡಿಯುತ್ತಿದ್ದಳು. ಬೆಂಗಳೂರಿನ ನರ್ಸ್ ಹುಡುಗಿ ನಿಮ್ಮನ್ನು ದಿಟ್ಟಿಸಿ, ಮೂವತ್ತೊಂದಕ್ಕೆ ಹೀಗೇಕಾಗಿದ್ದೀರಿ ಎಂದಳಂತೆ. ನೀವು ಏನೆಂದಿರಿ? "ಏನ್ ಮಾಡೋದು ಸಿಸ್ಟರ್, ಮನಿಯಾಗ ಅತ್ತಿ ಕಾಟ ಭಾಳ ಐತ್ರಿ!" ಎಂದಿರಂತೆ. ಪಕ್ಕದಲ್ಲಿದ್ದ ಮಿಲ್ಲಿನ ಹೆಂಗಸರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರಂತೆ; ಅವರು ಆಚೆ ಕೇರಿಯವರು, ನಮ್ಮ ಓಣಿಯ ಸುದ್ದಿ ಇನ್ನೂ ಅವರಿಗೆ ಮುಟ್ಟಿಲ್ಲ. ಹುಲುಗಮ್ಮ ಮತ್ತೆ ನಕ್ಕಳು. ನಾನು ವಿಭೂತಿಯ ಬಟ್ಟಲು ಕೆಳಗಿಟ್ಟೆ. ಅಕ್ಕಾರ, ಮಾರಿ ಯಾಕ ಹಿಂಗಾತ್ರಿ ಎಂದು ಅವಳು ಕೇಳಿದ್ದಕ್ಕೆ ಉಪವಾಸ ಎಂದೆ.

ನಿಮ್ಮ ಮೇಲೆ ಎಂಥ ಸಿಟ್ಟು ಬಂತೆಂದರೆ, ಆ ಕ್ಷಣ ನೀವು ಎದುರಿಗಿದ್ದರೆ ಸೊಸೆ ಎನ್ನುವುದನ್ನೂ ಮರೆತು ಕೂಗಾಡುತ್ತಿದ್ದೆ. ಮದುವೆಯ ಊಟದಲ್ಲಿ ಶಾಂಭವಿಯ ಪಾಲಿನ ಹೋಳಿಗೆ ಇಸಿದುಕೊಂಡಿರಿ, ಸರಿ. ಗುಡಿಯಲ್ಲಿ ಮಗನ ಪಾಲಿನ ಪ್ರಸಾದ ತಂದಿರಿ, ಸರಿ. ಪೋಲಿಯೋ ಹನಿಯೊಂದನ್ನು ಮಾತ್ರ ಊರಲ್ಲಿಲ್ಲದ ಮೊಮ್ಮಗನ ಪಾಲಿಗೆಂದು ಕೇಳಿ ತಾಯಕ್ಕನಿಂದ ಬೈಸಿಕೊಂಡಿರಿ. ಆದರೆ ಪರೀಕ್ಷೆಯನ್ನೂ ಪಾಲು ಎಂದು ಕೊಡಬಹುದೇ ಅತ್ತೆ? ನಿಮ್ಮ ಒಂದು ಚೇಷ್ಟೆಗೆ ನಾನು ತಿಂಗಳಿಡೀ ಓಣಿಯ ಕಣ್ಣಿಗೆ ಏನಾಗಿ ಹೋದೆ? ಹೀಗೆಲ್ಲ ಮನಸ್ಸಿನಲ್ಲೇ ನಿಮ್ಮ ಜೊತೆ ಜಗಳವಾಡುತ್ತ ಮನೆಗೆ ಬಂದು, ದೇವರ ಮುಂದೆ ಎಣ್ಣೆ ಹಾಕಲು ಹೋದವಳು ದೀಪ ಹಚ್ಚುವುದನ್ನೇ ಮರೆತೆ. ಸಿಟ್ಟಿನಲ್ಲಿ ನಾನು ಆ ಬಾಟಲಿ ನನ್ನದಲ್ಲ ಎಂಬುದನ್ನು ಮಾತ್ರ ಯೋಚಿಸಿದ್ದೆ. ಅದು ನಿಮ್ಮದು ಎಂಬುದು ಆಗ ತಲೆಗೆ ಹೊಳೆಯಿತು. ಅಮ್ಮ ಹೋದ ಸುದ್ದಿ ಬಂದಾಗಲೂ ನನಗೆ ಹಾಗೆ ಆಗಿರಲಿಲ್ಲ. ಆಗ ಅಳು ಬಂದಿತ್ತು, ಈಗ ಅಳುವೂ ಬರಲಿಲ್ಲ.

ಆಮೇಲೆ ಇನ್ನೊಂದು ಹೊಳೆಯಿತು. ನೀವು ನನ್ನ ಪಾಲೆಂದು ಕೊಟ್ಟದ್ದಲ್ಲ. ಕೊಟ್ರಬಸಮ್ಮನ ಮಾತು ನಿಮ್ಮ ತಲೆಯಲ್ಲೂ ಕುಳಿತಿತ್ತು. ನನಗೂ ಒಮ್ಮೆ ನೋಡಿರಿ ಎಂದು ಕೇಳಲು ನಿಮಗೆ ಬಾಯಿ ಬರಲಿಲ್ಲ, ಅದಕ್ಕೇ ಎಲ್ಲರನ್ನೂ ನಗಿಸಿ ನನ್ನ ಹೆಸರಿನಲ್ಲಿ ಪರದೆಯೊಳಗೆ ಹೋದಿರಿ. ನೀವು ಹೆದರಿದಾಗಲೇ ಜೋರಾಗಿ ಚೇಷ್ಟೆ ಮಾಡುವುದು ನನಗೆ ಗೊತ್ತಿಲ್ಲವೇ? ಮಾವನವರನ್ನು ಕೊನೆಯ ಸಲ ಬಳ್ಳಾರಿಗೆ ಒಯ್ಯುವಾಗಲೂ ಜೀಪಿನಲ್ಲಿ ಎಲ್ಲರನ್ನೂ ನಗಿಸಿದವರು ನೀವು.

ನಿನ್ನೆ ಮಿಲ್ಲಿನ ಹಿಂದೆ ಹೊಟ್ಟಿನ ರಾಶಿಯ ಹತ್ತಿರ ನಿಂತು, ಮಶೀನಿನ ಸದ್ದಿನಲ್ಲಿ ಯಾರಿಗೂ ಕೇಳದ ಹಾಗೆ ಡಾಕ್ಟರಿಗೆ ಫೋನ್ ಮಾಡಿದೆ. ಸಿಕ್ಕರು ಎಂದೆ. ಯಾರು ಎಂದರು. ನಮ್ಮ ಅತ್ತೆ, ಐವತ್ತೈದು ವಯಸ್ಸು, ಮಾವ ತೀರಿಕೊಂಡು ಒಂಬತ್ತು ವರ್ಷ ಎಂದೆ. ಹೇಳುವಾಗ ನನಗೇ ಭಯವಾಯಿತು. ನೀವು ಈಗ ಏನು ಯೋಚಿಸುತ್ತಿದ್ದೀರೋ ನಾನೂ ಅದನ್ನೇ ಯೋಚಿಸಿ, ಗಂಡ ಹೋಗಿ ಇಷ್ಟು ವರ್ಷದ ಮೇಲೆ ಇದು ಎಲ್ಲಿಂದ ಬಂತು ಎಂದು ನಾಚಿಕೆ ಬಿಟ್ಟು ಕೇಳಿದೆ. ಡಾಕ್ಟರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: "ಹತ್ತು ವರ್ಷ, ಇಪ್ಪತ್ತು ವರ್ಷ ಸುಮ್ಮನ ಕುಂತಿರಬಹುದವ್ವ ಅದು. ಯಾವಾಗ ಬಂತು, ಯಾರಿಂದ ಬಂತು ಅಂತ ಯಾವ ಪರೀಕ್ಷೀನೂ ಹೇಳಂಗಿಲ್ಲ. ನಡತಿ ಅಳೆಯೋ ಪರೀಕ್ಷಿ ಅಲ್ಲ ಇದು. ಆ ಪ್ರಶ್ನಿ ಕೇಳಬ್ಯಾಡ, ನಿಮ್ಮತ್ತಿಗೂ ಕೇಳಕ ಬಿಡಬ್ಯಾಡ." ಆದ್ದರಿಂದ ಅತ್ತೆ, ಮಾವನವರ ಫೋಟೋದ ಮುಂದೆ ನಿಂತು ಏನನ್ನೂ ಕೇಳಬೇಡಿ. ನಿಮ್ಮನ್ನು ನೀವೂ ಕೇಳಿಕೊಳ್ಳಬೇಡಿ. ನಾನು ನಿಮ್ಮ ಮಗನನ್ನು ಕೇಳಿ ನೋಡಿದ್ದೇನೆ, ಅವರ ಆ ಮುಖವನ್ನು ಇನ್ನೂ ಮರೆಯಲಾಗುತ್ತಿಲ್ಲ.

ನನಗೆ ಏನೂ ಆಗಿಲ್ಲ, ಗಟ್ಟಿಮುಟ್ಟಾಗಿದ್ದೇನೆ ಎನ್ನುತ್ತೀರಿ. ಹೌದು, ಅದಕ್ಕೇ ಈಗ ಬರಬೇಕು. ಏನಾದರೂ ಆದ ಮೇಲೆ ಬಂದವಳು ಕೊಟ್ರಬಸಮ್ಮ. ಡಾಕ್ಟರು ಮೊದಲು ಆ ಭೂತಗನ್ನಡಿಯಿಂದ ನೋಡುತ್ತಾರೆ, ಬೇಕಾದರೆ ಎಳ್ಳಿನಷ್ಟು ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಶುರುವಿನಲ್ಲೇ ಇದ್ದರೆ ಕೆಟ್ಟ ಜಾಗವನ್ನಷ್ಟೇ ತೆಗೆದು ಸಂಜೆಗೆ ಮನೆಗೆ ಕಳಿಸುತ್ತಾರಂತೆ. ಹೆಚ್ಚಾಗಿ ಶುರುವಿನಲ್ಲೇ ಇರುತ್ತದೆ ಎಂದರು, ಆದರೆ ನೋಡದೆ ಭರವಸೆ ಕೊಡುವುದಿಲ್ಲ ಎಂದರು. ನನಗೂ ನಿಮಗೆ ಸುಳ್ಳು ಭರವಸೆ ಕೊಡಲು ಬರುವುದಿಲ್ಲ. ನೀವು ಬರುವುದೊಂದೇ ನನಗೆ ಬೇಕಾದದ್ದು. ಜಗಳವಾಡಲಿಕ್ಕಾದರೂ ಈ ಮನೆಯಲ್ಲಿ ನನಗೆ ನೀವು ಬೇಕು. ಹನ್ನೊಂದು ವರ್ಷದಲ್ಲಿ ಇದನ್ನು ನಾನು ಬಾಯಿಬಿಟ್ಟು ಹೇಳಿರಲಿಲ್ಲ, ಈಗ ಹೇಳುತ್ತಿದ್ದೇನೆ.

ಶಾಂಭವಿಗೆ ಶೇಂಗಾ ಚಟ್ನಿ ಹೆಚ್ಚು ಕೊಡಬೇಡಿ, ಖಾರ ಜಾಸ್ತಿಯಾಗಿದೆ, ಕುಟ್ಟುವಾಗ ಮೆಣಸಿನಕಾಯಿಯ ಲೆಕ್ಕ ತಪ್ಪಿತು. ಬೀಗರಿಗೆ, ಬೀಗಿತಿಗೆ ನಮ್ಮೆಲ್ಲರ ಶರಣಾರ್ಥಿ ತಿಳಿಸಿ. ಮಕ್ಕಳು ಅಜ್ಜಿ ಯಾವಾಗ ಬರುತ್ತಾಳೆ ಎಂದು ದಿನಾ ಕೇಳುತ್ತವೆ. ಬನ್ನಿ ಎಲೆಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳಿ. ಬಂಗಾರದ ಹಾಗೆ ಇರೋಣ ಎಂದು ಪ್ರತಿ ವರ್ಷ ನೀವೇ ಮೊದಲು ಹೇಳುತ್ತಿದ್ದಿರಿ, ಈ ವರ್ಷ ನಾನು ಹೇಳುತ್ತಿದ್ದೇನೆ. ಆಶೀರ್ವಾದವಿರಲಿ.

ನಿಮ್ಮ ಸೊಸೆ
ಸುನಿತಾ

ತಾ.ಕ.: ಮಾರೆಪ್ಪ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ, ಮುಖ್ಯವಾದದ್ದನ್ನು ಈಗ ಬರೆಯುತ್ತಿದ್ದೇನೆ. ಗುರುವಾರ ಬೆಳಿಗ್ಗೆ ಡಾಕ್ಟರು ಸಮಯ ಕೊಟ್ಟಿದ್ದಾರೆ. ಮೊದಲ ಬಸ್ಸಿಗೆ ಹೊಸಪೇಟೆಗೆ ಬನ್ನಿ, ಬಸ್‌ಸ್ಟ್ಯಾಂಡಿನ ಹಣ್ಣಿನ ಅಂಗಡಿಯ ಹತ್ತಿರ ನಾನು ನಿಂತಿರುತ್ತೇನೆ. ಆ ಬಾಟಲಿ ನಿಮ್ಮದೆಂದು ಡಾಕ್ಟರಿಗೆ ಬಿಟ್ಟರೆ ಯಾರಿಗೂ ಹೇಳಿಲ್ಲ, ನಿಮ್ಮ ಮಗನಿಗೂ ಇಲ್ಲ. ಹೇಳುವುದಾದರೆ ನೀವೇ ಹೇಳಿ, ಬೇಡವಾದರೆ ಬೇಡ. ಹುಲುಗಮ್ಮನ ಬಾಯಿಗೆ, ಆವತ್ತು ನಕ್ಕ ಮಿಲ್ಲಿನ ಹೆಂಗಸರ ಬಾಯಿಗೆ ನಾನು ಬೀಗ ಹಾಕಿದ್ದೇನೆ. ನನಗೆ ಇನ್ನೊಮ್ಮೆ ಪರೀಕ್ಷೆ ಇದೆ, ಜೊತೆಗೆ ಅತ್ತೆ ಬರುತ್ತಾರೆ ಎಂದೇ ಎಲ್ಲರಿಗೂ ಹೇಳಿದ್ದೇನೆ. ಚೆನ್ನಬಸಮ್ಮನವರು ಹೇಗೂ ನನ್ನ ಹೆಸರನ್ನು ಓಣಿಗೆಲ್ಲ ಹಂಚಿ ಆಗಿದೆ. ವಿಧವೆಗೆ ಇದು ಬಂತು ಎಂದು ತಿಳಿದರೆ ಆ ನಾಲಿಗೆ ಮಾವನವರನ್ನೂ ಬಿಡುವುದಿಲ್ಲ, ನಿಮ್ಮನ್ನೂ ಬಿಡುವುದಿಲ್ಲ. ನನ್ನ ಹೆಸರಿನಲ್ಲೇ ಇರಲಿ. ನೀವು ನನ್ನ ಪಾಲಿನ ಬಾಟಲಿ ಕೊಟ್ಟಿರಿ, ನಿಮ್ಮ ಪಾಲಿನ ಬೈಗುಳ ನಾನು ತಿನ್ನುತ್ತೇನೆ. ಆದರೆ ಅತ್ತೆ, ಟೇಬಲ್ ಮೇಲೆ ನೀವೇ ಮಲಗಬೇಕು. ಅದನ್ನು ನಿಮ್ಮ ಹೆಸರಿನಲ್ಲಿ ನಾನು ಮಾಡಲು ಬರುವುದಿಲ್ಲ.